ಪೋಸ್ಟ್‌ಕಾರ್ಡ್ ಬರೆಯದ ಹುಡುಗಿ: ಶಾಲೆ ಮಗುವಿನ ಬಾಯಲ್ಲಿ ಎಷ್ಟು ಮಾತು ತುಂಬಬಹುದು?

ಸಾಗರ ತಾಲೂಕು, ಶರಾವತಿ ಹಿನ್ನೀರಿನ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆ. ಒಂಬತ್ತನೇ ಕ್ಲಾಸಿನ ಕನ್ನಡ ಪೀರಿಯಡ್. ಮೇಷ್ಟ್ರು ಕಟ್ಟು ಬಿಚ್ಚಿ ಎಲ್ಲರಿಗೂ ಒಂದೊಂದು ಪೋಸ್ಟ್‌ಕಾರ್ಡ್ ಹಂಚಿದರು. 50 ಪೈಸೆಯ ಅದೇ ಹಳದಿ ಕಾರ್ಡು. ಏನು ಬರೆಯಬೇಕು ಅನ್ನುವುದು ಬೋರ್ಡಿನ ಮೇಲಿತ್ತು. ಮಾನ್ಯ ಮುಖ್ಯಮಂತ್ರಿಗಳೇ, ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ನಮಗೆ ಬೇಡ, ನಮ್ಮ ಕಾಡು ನಮ್ಮ ನದಿ ಉಳಿಸಿ ಎಂದು ನಾನು ಈ ಮೂಲಕ ಒತ್ತಾಯಿಸುತ್ತೇನೆ. ಕೆಳಗೆ ಹೆಸರು, ತರಗತಿ, ಊರು, ಸಹಿ.

ಎಲ್ಲರೂ ಬರೆದರು. ಒಬ್ಬ ಹುಡುಗಿ ಮಾತ್ರ ಕಾರ್ಡನ್ನು ಖಾಲಿ ವಾಪಸ್ ಕೊಟ್ಟಳು. ಯಾಕೆ ಅಂತ ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟೇ: "ಅದು ಬೇಕೋ ಬೇಡವೋ ನಂಗೆ ಇನ್ನೂ ಗೊತ್ತಿಲ್ಲ ಸರ್."

ಈ ಬರಹ ಆ ಒಂದು ವಾಕ್ಯದ ಬಗ್ಗೆ. ಊರು, ಹೆಸರು, ಗುರುತು ಬಿಟ್ಟಿದ್ದೇನೆ. ಹುಡುಗಿಯ ಅಪ್ಪ ನನ್ನ ಕಕ್ಷಿದಾರ.

ಆಮೇಲೆ ಆಗಿದ್ದು ಬೇಗ ಹೇಳಿಬಿಡುತ್ತೇನೆ. ಆ ಪೀರಿಯಡ್ ಮುಗಿಯುವವರೆಗೆ ಅವಳನ್ನು ಜಗಲಿಯಲ್ಲಿ ನಿಲ್ಲಿಸಿದರು. ರೂಪಣಾತ್ಮಕ ಮೌಲ್ಯಮಾಪನದ ಪಟ್ಟಿಯಲ್ಲಿ 'ಪತ್ರಲೇಖನ' ಚಟುವಟಿಕೆಯ ಎದುರು ಸೊನ್ನೆ ಬಿತ್ತು. ಅಪ್ಪನನ್ನು ಕರೆದುಕೊಂಡು ಬಾ ಅಂದರು. ಅಪ್ಪ ಹೋದಾಗ, ಇಷ್ಟವಿಲ್ಲದಿದ್ದರೆ ಟಿಸಿ ತಗೊಂಡು ಹೋಗಿ ಎಂಬ ಮಾತೂ ಬಂತು. ಅದು ಸಿಟ್ಟಿನಲ್ಲಿ ಬಂದ ಮಾತು, ನಿಜವಾಗಿ ಕೊಡುತ್ತಿರಲಿಲ್ಲ ಅಂತಲೇ ನನಗನ್ನಿಸುತ್ತದೆ. ಆದರೆ ಸಂಜೆಯೊಳಗೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಹರಡಿ, ಅಪ್ಪ ಯೋಜನೆಯ ಕಡೆಯವನು, ದುಡ್ಡು ತಿಂದಿದ್ದಾನೆ ಅನ್ನುವಲ್ಲಿಗೆ ಮುಟ್ಟಿತ್ತು.

ಕಾರ್ಡುಗಳನ್ನು ಶಾಲೆಗೆ ತಂದುಕೊಟ್ಟಿದ್ದು ಊರಿನ ಹೋರಾಟದವರು. ಎಸ್‌ಡಿಎಂಸಿಯ, ಅಂದರೆ ಶಾಲಾಭಿವೃದ್ಧಿ ಸಮಿತಿಯ, ಒಂದಿಬ್ಬರು ಸದಸ್ಯರೂ ಅದರಲ್ಲಿದ್ದರು. ಯೋಜನೆ ಗೊತ್ತಿಲ್ಲದವರಿಗೆ ಒಂದು ಮಾತು: ಕರೆಂಟಿಗೆ ಬೇಡಿಕೆ ಕಡಿಮೆ ಇದ್ದಾಗ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಪಂಪ್ ಮಾಡುವುದು, ಬೇಡಿಕೆ ಏರಿದಾಗ ಅದೇ ನೀರನ್ನು ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು. 2000 ಮೆಗಾವ್ಯಾಟ್ ಸಾಮರ್ಥ್ಯದ್ದು. ನಡುವೆ ಇರುವುದು ಸಿಂಗಳೀಕದ ಕಾಡು. ನಾನೇನೂ ಮಧ್ಯಸ್ಥ ಅಲ್ಲ. ಈ ಯೋಜನೆ ಬೇಡ ಅನ್ನುವವರಲ್ಲಿ ನಾನೂ ಒಬ್ಬ, ಸಭೆಗಳಿಗೂ ಹೋಗಿದ್ದೇನೆ. ಬೋರ್ಡಿನ ಮೇಲಿದ್ದ ಒಂದೊಂದು ಸಾಲಿಗೂ ನನ್ನ ಒಪ್ಪಿಗೆ ಇದೆ. ಹಾಗಾಗಿಯೇ ಈ ಫೈಲು ಕೈಗೆ ಬಂದಾಗ ಸ್ವಲ್ಪ ಇರಿಸುಮುರಿಸಾಯಿತು.

ಅಪ್ಪನ ಮೊದಲ ಪ್ರಶ್ನೆಯೇ ಕೇಸಿನ ಗಂಟು. "ವಕೀಲ್ರೇ, ಧರ್ಮದ ಕಾರಣಕ್ಕೆ ಹಾಡಲ್ಲ ಅಂದವರಿಗೆ ಕೋರ್ಟು ರಕ್ಷಣೆ ಕೊಟ್ಟಿದೆಯಂತೆ. ನಮ್ದು ಹಂಗೇನಿಲ್ಲ ಮಾರಾಯ್ರೇ. ಗೊತ್ತಿಲ್ಲ ಅಂದಿದ್ದಕ್ಕೆ ಎಂತ ಕಾನೂನು ಇರ್ತದೆ?" ಇವರದ್ದು ಮುಳುಗಡೆಯ ಕುಟುಂಬ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಅಜ್ಜನ ಗದ್ದೆ ನೀರಿಗೆ ಹೋಯಿತು. ಹಕ್ಕುಪತ್ರಕ್ಕಾಗಿ ಇವತ್ತಿಗೂ ಕಚೇರಿ ಅಲೆಯುತ್ತಿದ್ದಾರೆ. ಮನೆಯಲ್ಲಿ ಅಜ್ಜಿ ಯೋಜನೆ ಅಂದರೇ ಬೈಯುತ್ತಾಳೆ, ಚಿಕ್ಕಪ್ಪ ಕೆಲಸ ಸಿಗಬಹುದು ಅನ್ನುತ್ತಾನೆ. ಎರಡನ್ನೂ ಕೇಳಿ ಬೆಳೆದ ಹುಡುಗಿ ಗೊತ್ತಿಲ್ಲ ಅಂದರೆ ಅದು ಸೋಮಾರಿತನದ ಉತ್ತರ ಅಲ್ಲ.

ಶಾಲೆಯ ವಾದ

ಎಚ್‌ಎಂ, ಅಂದರೆ ಮುಖ್ಯೋಪಾಧ್ಯಾಯರು, ಒಳ್ಳೆಯ ಮನುಷ್ಯ. ಬಸ್ಸು ತಪ್ಪಿದ ಮಕ್ಕಳನ್ನು ಬೈಕಿನಲ್ಲಿ ಮನೆಗೆ ಬಿಟ್ಟು ಬರುವ ಪೈಕಿ. ಅವರು ಹೇಳಿದ್ದರಲ್ಲಿ ಹುರುಳಿತ್ತು. ಪತ್ರಲೇಖನ ಪಠ್ಯದಲ್ಲೇ ಇದೆ. ಪ್ರತಿ ವರ್ಷ 'ನಿಮ್ಮೂರಿಗೆ ರಸ್ತೆ ಮಾಡಿಸಿಕೊಡಿ ಎಂದು ಕೋರಿ ಪತ್ರ ಬರೆಯಿರಿ' ಅಂತ ಪ್ರಶ್ನೆ ಕೊಡುತ್ತೇವೆ, ಆಗ ಯಾರೂ ನನಗೆ ರಸ್ತೆ ಬೇಡ ಅನ್ನುವುದಿಲ್ಲ, ಇದೂ ಹಾಗೇ ಅಲ್ವಾ? ಒಬ್ಬಳನ್ನು ಬಿಟ್ಟರೆ ನಾಳೆ ಇನ್ನೊಬ್ಬ ನಾಡಗೀತೆ ಹಾಡಲ್ಲ ಅಂತಾನೆ, ಮತ್ತೊಬ್ಬ ಪ್ರತಿಜ್ಞೆ ಹೇಳಲ್ಲ ಅಂತಾನೆ. ಶಿಸ್ತು ಎಲ್ಲಿ ಉಳಿಯಿತು?

ಮೊದಲ ವಾದಕ್ಕೆ ಉತ್ತರ ಹುಡುಕಲು ನನಗೆ ಸಮಯ ಹಿಡಿಯಿತು. ಶಿಸ್ತಿನ ವಾದಕ್ಕೆ ಉತ್ತರ 1986ರಿಂದಲೇ ಇದೆ.

ಕಿಡಂಗೂರಿನ ಮೂರು ಮಕ್ಕಳು

ಕೇರಳದ ಕೊಟ್ಟಾಯಂ ಜಿಲ್ಲೆಯ ಕಿಡಂಗೂರಿನ ಒಂದು ಹೈಸ್ಕೂಲಿನಲ್ಲಿ ಒಂದೇ ಮನೆಯ ಮೂರು ಮಕ್ಕಳು ಓದುತ್ತಿದ್ದರು. ಹತ್ತು, ಒಂಬತ್ತು, ಐದನೇ ಕ್ಲಾಸು. ಯೆಹೋವನ ಸಾಕ್ಷಿಗಳು ಎಂಬ ಪಂಗಡದವರು. ಬೆಳಿಗ್ಗೆ ಜನಗಣಮನ ಶುರುವಾದಾಗ ನೆಟ್ಟಗೆ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅವರ ನಂಬಿಕೆ ಅದಕ್ಕೆ ಬಿಡುತ್ತಿರಲಿಲ್ಲ. ವರ್ಷಗಟ್ಟಲೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. 1985ರ ಜುಲೈನಲ್ಲಿ ಶಾಸಕರೊಬ್ಬರ ಕಣ್ಣಿಗೆ ಬಿತ್ತು, ವಿಧಾನಸಭೆಯಲ್ಲಿ ಪ್ರಶ್ನೆ ಎದ್ದಿತು, ವಿಚಾರಣೆಗೆ ಸಮಿತಿ ಬಂತು. ಮಕ್ಕಳು ಕಾನೂನಿಗೆ ತಲೆಬಾಗುವವರು, ರಾಷ್ಟ್ರಗೀತೆಗೆ ಅಗೌರವ ತೋರಿಲ್ಲ ಅಂತಲೇ ಆ ಸಮಿತಿ ವರದಿ ಕೊಟ್ಟಿತು. ಆದರೂ ಮೇಲಿನ ಅಧಿಕಾರಿಯ ಸೂಚನೆ ಬಂತು, ಜುಲೈ 26ರಂದು ಮೂವರನ್ನೂ ಶಾಲೆಯಿಂದ ತೆಗೆದರು.

ಕೇರಳ ಹೈಕೋರ್ಟಿನಲ್ಲಿ ಆ ಮಕ್ಕಳ ಅಪ್ಪ ಎರಡು ಸಲ ಸೋತರು, ಏಕಸದಸ್ಯ ಪೀಠದಲ್ಲಿ ಒಮ್ಮೆ, ವಿಭಾಗೀಯ ಪೀಠದಲ್ಲಿ ಒಮ್ಮೆ. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಮತ್ತು ಎಂ.ಎಂ. ದತ್ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಎಂದರು. ಬಿಜೋ ಇಮ್ಯಾನುಯಲ್ ವಿರುದ್ಧ ಕೇರಳ ರಾಜ್ಯ ಎಂಬುದು ಈ ಕೇಸಿನ ಹೆಸರು. ತೀರ್ಪಿನ ಕೊನೆಯಲ್ಲಿ ಸಹಿಷ್ಣುತೆಯ ಬಗ್ಗೆ ಒಂದು ಚೆಂದದ ಸಾಲಿದೆ, ಭಾಷಣ ಮಾಡುವವರಿಗೆ ಅದೇ ಇಷ್ಟ. ವಕೀಲರಿಗೆ ಕೆಲಸಕ್ಕೆ ಬರುವುದು ಮಧ್ಯದ ಒಂದು ಭಾಗ, ನೋಡಲು ತೀರಾ ಒಣ ಭಾಗ.

ಅಲ್ಲಿ ಕೋರ್ಟು ಕೇಳಿದ್ದು ಸರಳ ಪ್ರಶ್ನೆ. ಹಾಡಲೇಬೇಕು ಅನ್ನುವ ಕಾನೂನು ಎಲ್ಲಿದೆ? 1971ರ ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆ ಇದೆ. ಆದರೆ ಅದು ಶಿಕ್ಷಿಸುವುದು ಬೇರೆಯವರು ಹಾಡುವುದನ್ನು ಬೇಕಂತಲೇ ತಡೆದವರನ್ನು, ಹಾಡುವ ಸಭೆಗೆ ತೊಂದರೆ ಕೊಟ್ಟವರನ್ನು. ಸುಮ್ನೆ ನಿಂತವರನ್ನಲ್ಲ. ಉಳಿದಿದ್ದು ಶಿಕ್ಷಣ ಇಲಾಖೆಯ ಎರಡು ಹಳೆಯ ಸುತ್ತೋಲೆ. ಸುತ್ತೋಲೆ ಕಾನೂನಲ್ಲ ಎಂದಿತು ಕೋರ್ಟು. ಸಂವಿಧಾನದ ವಿಧಿ 19(1)(ಎ) ಕೊಟ್ಟ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಕಡಿವಾಣ ಹಾಕಬೇಕಾದರೆ 19(2)ರ ಪ್ರಕಾರ ಕಾನೂನೇ ಬೇಕು. ಶಾಸನಸಭೆ ಮಾಡಿದ್ದು, ಇಲ್ಲವೇ ಶಾಸನದ ಬಲ ಇರುವ ನಿಯಮ. ಅದೂ ಆ ವಿಧಿ ಹೇಳುವ ಕಾರಣಗಳಿಗೆ ಮಾತ್ರ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ಭದ್ರತೆ, ವಿದೇಶಗಳೊಂದಿಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಮತ್ತು ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ.

ಪಟ್ಟಿಯನ್ನು ಮತ್ತೊಮ್ಮೆ ಓದಿ. ಶಾಲೆಯ ಶಿಸ್ತು ಅದರಲ್ಲಿಲ್ಲ. ಊರಿನ ಹಿತವೂ ಇಲ್ಲ.

ನಮ್ಮ ಶಾಲೆಗೆ ಸುತ್ತೋಲೆಯ ಆಸರೆಯೂ ಇರಲಿಲ್ಲ. ಇರಲು ಸಾಧ್ಯವೂ ಇಲ್ಲ. ಸರ್ಕಾರದ ಯೋಜನೆಯ ವಿರುದ್ಧ ಮಕ್ಕಳಿಂದ ಪತ್ರ ಬರೆಸಿ ಅಂತ ಯಾವ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಲಿಖಿತ ಆದೇಶ ಕೊಟ್ಟಾರು? ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸಿದರೆ ಸರ್ಕಾರಿ ನೌಕರರ ನಡತೆ ನಿಯಮದ ಅಡಿಯಲ್ಲಿ ಮೊದಲು ಸಿಕ್ಕಿಬೀಳುವುದು ಮೇಷ್ಟ್ರೇ. ತಮ್ಮ ಹೆಸರಿನಲ್ಲಿ ಬರೆಯಲಾಗದ್ದನ್ನು ಮಕ್ಕಳ ಹೆಸರಿನಲ್ಲಿ ಬರೆಸಿದಂತಾಯಿತು. ಇದನ್ನು ನಾನು ಎಚ್‌ಎಂ ಎದುರು ಹೇಳಲಿಲ್ಲ. ಹೇಳಿದ್ದರೆ ಮಾತು ಬೆದರಿಕೆಯ ಹಾಗೆ ಕೇಳುತ್ತಿತ್ತು.

ಧರ್ಮ ಇಲ್ಲದಿದ್ದರೆ?

ಅಪ್ಪನ ಪ್ರಶ್ನೆಗೆ ಬರೋಣ. ಕಿಡಂಗೂರಿನ ಮಕ್ಕಳು ಎರಡು ಹಕ್ಕುಗಳ ಮೇಲೆ ಗೆದ್ದರು: 19(1)(ಎ) ಅಭಿವ್ಯಕ್ತಿ, 25(1) ಆತ್ಮಸಾಕ್ಷಿ ಮತ್ತು ಧರ್ಮ. ನಮ್ಮ ಹುಡುಗಿಗೆ ಎರಡನೆಯದರ ಆಸರೆ ಕಷ್ಟ. ಗೊತ್ತಿಲ್ಲ ಅನ್ನುವುದನ್ನು ಆತ್ಮಸಾಕ್ಷಿ ಅಂತ ವಾದಿಸಬಹುದೇನೋ, ನಾನಂತೂ ಅದರ ಮೇಲೆ ಕೇಸು ನಿಲ್ಲಿಸುವುದಿಲ್ಲ. ಮೊದಲನೆಯದೊಂದೇ ಸಾಕೇ?

ಸಾಕು ಅನ್ನಲು ಎರಡು ಕಡೆ ಬಲ ಸಿಗುತ್ತದೆ. ಒಂದು ದೂರದ್ದು. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಎರಡನೇ ಮಹಾಯುದ್ಧದ ಹೊತ್ತಿಗೆ ಧ್ವಜವಂದನೆ ಮಾಡದ ಮಕ್ಕಳನ್ನು ಶಾಲೆಯಿಂದ ತೆಗೆಯುತ್ತಿದ್ದರು, ಅಪ್ಪ ಅಮ್ಮನ ಮೇಲೂ ಕೇಸು ಹಾಕಬಹುದಿತ್ತು. ಆ ಮಕ್ಕಳೂ ಅದೇ ಪಂಗಡದವರು. 1940ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇಂಥದ್ದೇ ಪ್ರಕರಣದಲ್ಲಿ 8-1ರಿಂದ ಶಾಲೆಯ ಪರ ನಿಂತಿತ್ತು. ಮೂರೇ ವರ್ಷದಲ್ಲಿ, 1943ರ ಜೂನ್ 14ರಂದು, ಬಾರ್ನೆಟ್ ಪ್ರಕರಣದಲ್ಲಿ 6-3ರಿಂದ ಮಾತು ಬದಲಿಸಿತು. ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಬರೆದ ಆ ತೀರ್ಪು ಮಕ್ಕಳ ಧರ್ಮಕ್ಕೆ ವಿನಾಯಿತಿ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಯಾರ ಬಾಯಿಂದಲೂ, ಧರ್ಮ ಇರಲಿ ಇಲ್ಲದಿರಲಿ, ಇದು ನನ್ನ ಅಭಿಪ್ರಾಯ ಎಂದು ಸರ್ಕಾರ ಬಲವಂತವಾಗಿ ಹೇಳಿಸುವಂತಿಲ್ಲ ಎಂದಿತು. ನಮ್ಮ ಕೋರ್ಟುಗಳಿಗೆ ಇದು ಕಟ್ಟಳೆ ಅಲ್ಲ, ಓದಿ ಒಪ್ಪಬಹುದಾದ ವಾದ.

ಇನ್ನೊಂದು ನಮ್ಮದೇ, ಮತ್ತು ಬಹಳ ಜನಕ್ಕೆ ನೆನಪಿಲ್ಲದ್ದು. 1999ರಲ್ಲಿ ಸಿನಿಮಾ ಮಂದಿರಗಳವರ ಒಂದು ತಕರಾರು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಸಿನಿಮಾಕ್ಕೆ ಮೊದಲು ಸರ್ಕಾರದ ಸಾಕ್ಷ್ಯಚಿತ್ರ, ವಾರ್ತಾಚಿತ್ರ ತೋರಿಸಲೇಬೇಕು ಎಂಬ ನಿಯಮ ಇತ್ತಲ್ಲ, ಅದರ ವಿರುದ್ಧ. ಮೋಷನ್ ಪಿಕ್ಚರ್ ಅಸೋಸಿಯೇಷನ್ ಪ್ರಕರಣ ಅದು. ಅವರು ಸೋತರು. ಸೋಲಿಸುವಾಗ ಕೋರ್ಟು ಒಂದು ಅಳತೆಗೋಲು ಬಿಟ್ಟುಹೋಯಿತು. ಬಲವಂತವಾಗಿ ತೋರಿಸುವ ವಿಷಯ ಜನ ತಿಳಿದು ನಿರ್ಧಾರ ಮಾಡಲು ನೆರವಾಗುತ್ತಿದ್ದರೆ ಅದು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಅಡ್ಡಿಯಲ್ಲ. ಒಂದು ಪಕ್ಷದ ಮಾತನ್ನೋ ಪ್ರಚಾರವನ್ನೋ ಮನಸ್ಸಿಗೆ ವಿರುದ್ಧವಾಗಿ ಹೊರಿಸಿದರೆ ಅಡ್ಡಿಯಾಗಬಹುದು. ಥಿಯೇಟರಿಗೆ ಹೇಳಿದ್ದು ಕ್ಲಾಸ್‌ರೂಮಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಯೋಜನೆಯ ಪರ ವಿರೋಧ ಎರಡನ್ನೂ ಮಕ್ಕಳಿಂದ ಓದಿಸಿ, ಬರೆಸಿ, ಮಾರ್ಕ್ಸ್ ಕೊಡಿ. ಅದು ಪಾಠ. ಒಂದು ಕಡೆಯ ಆರು ಸಾಲು ಬೋರ್ಡಿನ ಮೇಲೆ ಬರೆದು, ನಕಲು ಮಾಡಿಸಿ, ಸಹಿ ಹಾಕಿಸಿದರೆ ಅದು ಪ್ರಚಾರ.

ಎಚ್‌ಎಂ ಅವರ ಪತ್ರಲೇಖನದ ವಾದಕ್ಕೆ ಉತ್ತರ ಸಿಕ್ಕಿದ್ದು ಇಲ್ಲೇ. ರಸ್ತೆ ಮಾಡಿಸಿಕೊಡಿ ಎಂಬ ಪತ್ರ ನೋಟ್‌ಬುಕ್ಕಿನಲ್ಲೇ ಉಳಿಯುತ್ತದೆ. ಪರೀಕ್ಷೆಯಲ್ಲಂತೂ 'ನಿಮ್ಮನ್ನು ಇಂಥವರೆಂದು ಭಾವಿಸಿ' ಅಂತಲೇ ಕೇಳುತ್ತಾರೆ. ಮೇಷ್ಟ್ರು ನೋಡುವುದು ಒಕ್ಕಣೆ ಸರಿಯಿದೆಯಾ, ವಿಷಯ ಅಂತ ಬರೆದಿದ್ದಾಳಾ, ವಿಳಾಸ ಎಲ್ಲಿ ಹಾಕಿದ್ದಾಳೆ ಎಂಬುದನ್ನು. ಪೋಸ್ಟ್‌ಕಾರ್ಡ್ ಹಾಗಲ್ಲ. ಅದು ಮೌಲ್ಯಮಾಪನಕ್ಕೆ ಮೇಷ್ಟ್ರ ಟೇಬಲ್ಲಿಗೆ ಬರುವುದೇ ಇಲ್ಲ, ಅವಳ ಹೆಸರು ಹೊತ್ತು ವಿಧಾನಸೌಧಕ್ಕೆ ಹೋಗುತ್ತದೆ. ಅಲ್ಲಿ ಅದನ್ನು ಎಣಿಸುವವರು ಇಷ್ಟು ಮಕ್ಕಳ ಅಭಿಪ್ರಾಯ ಅಂತ ಎಣಿಸುತ್ತಾರೆಯೇ ಹೊರತು ಇಷ್ಟು ಮಕ್ಕಳ ಹೋಂವರ್ಕ್ ಅಂತಲ್ಲ.

ಎದುರು ವಕೀಲರು ಇದ್ದಿದ್ದರೆ 2022ರ ಹಿಜಾಬ್ ತೀರ್ಪನ್ನು ಹಿಡಿಯುತ್ತಿದ್ದರು, ಖಂಡಿತ. ಕ್ಲಾಸ್‌ರೂಮಿನಲ್ಲಿ ಹಕ್ಕುಗಳು ಹೊರಗಿನಷ್ಟು ಅಗಲವಾಗಿರುವುದಿಲ್ಲ ಎಂದು ನಮ್ಮ ಹೈಕೋರ್ಟು ಆ ಮಾರ್ಚ್ 15ರಂದು ಹೇಳಿತ್ತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆಬೇರೆ ತೀರ್ಪು ಕೊಟ್ಟು ವಿಷಯ ದೊಡ್ಡ ಪೀಠದ ಕಡೆ ಹೋಯಿತು. ಅಲ್ಲಿ ಶಿಕ್ಷಣ ಕಾಯ್ದೆಯ ಅಡಿ ಹೊರಡಿಸಿದ ಸರ್ಕಾರಿ ಆದೇಶ ಇತ್ತು, ಜಗಳ ಸಮವಸ್ತ್ರದ್ದು. ಇಲ್ಲಿ ಆದೇಶವೇ ಇಲ್ಲ, ಜಗಳ ಮಾತಿನದ್ದು.

ಮಾಡಿದ್ದೇನು

ಅವಳು ಎಂಟನೇ ಕ್ಲಾಸಿನಲ್ಲಿ ಇದ್ದಿದ್ದರೆ ಅರ್ಧ ಕೆಲಸ ಹಗುರಾಗುತ್ತಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ಕ್ಲಾಸು ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ತೆಗೆಯುವ ಹಾಗಿಲ್ಲ. 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಜಗಲಿಯಲ್ಲಿ ನಿಲ್ಲಿಸಿದ್ದಕ್ಕೆ ಅದೇ ಸಾಕಿತ್ತು. ಒಂಬತ್ತಕ್ಕೆ ಬಂದಮೇಲೆ ನೇರವಾಗಿ ಸಂವಿಧಾನಕ್ಕೇ ಹೋಗಬೇಕು.

ರಿಟ್, ಅಂದರೆ ಹಕ್ಕು ಕಾಪಾಡಿ ಎಂದು ನೇರ ಹೈಕೋರ್ಟಿಗೆ ಅರ್ಜಿ, ಹಾಕುವ ದಾರಿ ಇತ್ತು. 226ನೇ ವಿಧಿ, ಬೆಂಗಳೂರಿನ ಹೈಕೋರ್ಟು, ಸಾಗರದಿಂದ ಮುನ್ನೂರು ಕಿಲೋಮೀಟರಿಗಿಂತ ಜಾಸ್ತಿ. ಖರ್ಚು ಅಡ್ಡಿಯಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಮಕ್ಕಳಿಗೆ ಮತ್ತು ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ನೆರವು ಇದೆ. ತಾಲೂಕು ಕೋರ್ಟಿನಲ್ಲೇ ಅದರ ಸಮಿತಿ ಇರುತ್ತದೆ, ಕೇಳುವವರು ಕಡಿಮೆ. ಅಡ್ಡಿ ಸಮಯ. ಕಿಡಂಗೂರಿನ ಮಕ್ಕಳು ಗೆಲ್ಲುವ ಹೊತ್ತಿಗೆ ಶಾಲೆಯಿಂದ ತೆಗೆದು ಒಂದು ವರ್ಷ ದಾಟಿತ್ತು. ನಮ್ಮ ಹುಡುಗಿಗೆ ಬೇಕಾಗಿದ್ದು ಒಂದು ಸೊನ್ನೆ ಅಳಿಸುವುದು, ಅದೇ ಬೆಂಚಿನಲ್ಲಿ ನೆಮ್ಮದಿಯಾಗಿ ಕೂರುವುದು. ಅದಕ್ಕೆ ಹೈಕೋರ್ಟು ಹತ್ತಿದರೆ ಊರಿನಲ್ಲಿ ಆ ಮನೆ ಒಂಟಿಯಾಗುತ್ತಿತ್ತು.

ಹಾಗಾಗಿ ಒಂದು ಪುಟದ ಪತ್ರ. ಎಚ್‌ಎಂ ಅವರಿಗೆ, ಪ್ರತಿ ಬಿಇಒಗೆ. ಬಿಜೋ ಇಮ್ಯಾನುಯಲ್ ತೀರ್ಪಿನ ಆ ಒಣ ಭಾಗ ನಾಲ್ಕು ಸಾಲಿನಲ್ಲಿ. ಆಮೇಲೆ ಕೇಳಿಕೆ: ಪೋಸ್ಟ್‌ಕಾರ್ಡ್ ಬರೆಸಲು ಇರುವ ಲಿಖಿತ ಆದೇಶದ ಪ್ರತಿ ಕೊಡಿ. ಪತ್ರಲೇಖನಕ್ಕೆ ಬೇರೆ ವಿಷಯ ಕೊಟ್ಟು ಮೌಲ್ಯಮಾಪನ ಮಾಡಿ. ಟಿಸಿ ಮಾತು ಹಿಂತೆಗೆದುಕೊಂಡಿದ್ದನ್ನು ಒಂದು ಸಾಲಿನಲ್ಲಿ ಬರೆದುಕೊಡಿ. ಕ್ಷಮೆ ಕೇಳಿಸಲಿಲ್ಲ, ಮೇಷ್ಟ್ರ ಮೇಲೆ ಕ್ರಮ ಆಗಲಿ ಅನ್ನಲಿಲ್ಲ. ಅಪ್ಪನಿಗೂ ಅದು ಬೇಕಿರಲಿಲ್ಲ. "ಅವರ ಹತ್ರಾನೇ ಮಗಳು ಇನ್ನೂ ಎರಡು ವರ್ಷ ಕಲೀಬೇಕು" ಅಂದರು.

ಕೆಲಸ ಮಾಡಿದ್ದು ಮೊದಲ ಕೇಳಿಕೆ. ಆದೇಶದ ಪ್ರತಿ ಅಂದ ಕೂಡಲೇ ಎಚ್‌ಎಂ ಬಿಇಒ ಕಚೇರಿಗೆ ಫೋನು ಮಾಡಿದರು. ಅಲ್ಲಿಂದ ಬಂದ ಉತ್ತರ ಏನೋ ನನಗೆ ತಿಳಿಯದು. ಮಾರನೇ ದಿನವೇ ಬನ್ನಿ ಕೂತು ಮಾತಾಡೋಣ ಅಂತ ಕರೆ ಬಂತು. ಯಾರಾದರೂ ಇಂಥ ಕಷ್ಟದಲ್ಲಿ ನನ್ನನ್ನು ಕೇಳಿದರೆ ಈಗ ಮೊದಲು ಹೇಳುವುದು ಇದನ್ನೇ. ಹಕ್ಕಿನ ಬಗ್ಗೆ ಭಾಷಣ ಬೇಡ, ಆದೇಶ ಕೇಳಿ. ಕೊಡದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ.

ಎಚ್‌ಎಂ ರೂಮಿನಲ್ಲಿ ಹುಡುಗಿಗೆ ಹೊಸ ವಿಷಯ ಕೊಟ್ಟರು, ನಿನಗೆ ಬೇಕಾದವರಿಗೆ ಬರಿ ಅಂತ. ಅವಳು ಬೆಳಗಿನ ಬಸ್ಸು ಮಳೆಗಾಲದಲ್ಲಿ ತಡವಾಗುವುದರ ಬಗ್ಗೆ ಸಾಗರದ ಬಸ್ ಡಿಪೋ ವ್ಯವಸ್ಥಾಪಕರಿಗೆ ಬರೆದಳು. ಒಕ್ಕಣೆಯಲ್ಲಿ ಒಂದು ತಪ್ಪಿತ್ತು, ಅರ್ಧ ಮಾರ್ಕ್ಸ್ ಹೋಯಿತು. ಸೊನ್ನೆ ಹೋಯಿತು. ಟಿಸಿ ಬಗ್ಗೆ ಬರೆದುಕೊಡಲಿಲ್ಲ, ಬಾಯಲ್ಲಿ ಹೇಳಿದರು. ನಾವೂ ಹಿಡಿದು ಕೂರಲಿಲ್ಲ. ಉಳಿದ ಕಾರ್ಡುಗಳು ಅಷ್ಟರಲ್ಲೇ ಅಂಚೆಗೆ ಹೋಗಿದ್ದವು.

ವಾಟ್ಸಾಪ್ ಗುಂಪಿನ ಮಾತಿಗೆ ಮಾತ್ರ ಈ ಕಾನೂನಿನಲ್ಲಿ ಮದ್ದಿಲ್ಲ. 19(1)(ಎ) ಹಿಡಿದು ಕೇಳಬಹುದಾದದ್ದು ಸರ್ಕಾರವನ್ನು, ಅಂದರೆ ಸರ್ಕಾರಿ ಶಾಲೆಯನ್ನು. ಅಡಿಕೆ ಸೊಸೈಟಿಯಲ್ಲಿ ಮುಖ ತಿರುಗಿಸುವ ಪಕ್ಕದ ಮನೆಯವನನ್ನಲ್ಲ. ಕೊಯ್ಲಿನ ಹೊತ್ತಿಗೆ ಆ ಮನೆಗೆ ಅಡಿಕೆ ಕೊನೆ ಇಳಿಸುವ ಕೊನೆಗಾರ ಸಿಕ್ಕಿದ್ದೇ ಕಷ್ಟದಲ್ಲಿ. ಸಾಗರದ ಸೀಮೆಗೆ ಚಳವಳಿ ಹೊಸದಲ್ಲ, 1951ರ ಕಾಗೋಡು ಸತ್ಯಾಗ್ರಹ ಇಲ್ಲಿನದ್ದೇ. ಅಲ್ಲಿ ಗೇಣಿದಾರರು ತಾವೇ ಗದ್ದೆಗಿಳಿದು ಜೈಲಿಗೆ ಹೋದರು. ಹಂಚಿದ ಕಾರ್ಡಿಗೆ ಸಹಿ ಹಾಕಿ ಹೋದವರಲ್ಲ. ಹೋರಾಟದ ಗೆಳೆಯರೊಬ್ಬರಿಗೆ ಇದನ್ನು ಹೇಳಿದೆ. ಸಿಟ್ಟಾದರು. ಈಗಲೂ ಪೂರ್ತಿ ಸರಿಹೋಗಿಲ್ಲ.

ನಾಡಗೀತೆ, ಪ್ರಾರ್ಥನೆ, ಪೀಠಿಕೆ

ಎಚ್‌ಎಂ ಹೆದರಿದ್ದು ಇದಕ್ಕೇ. ಉತ್ತರ ಒಂದೊಂದಕ್ಕೂ ಬೇರೆ. ದೇವರ ಪ್ರಾರ್ಥನೆಯ ವಿಷಯದಲ್ಲಿ ಸಂವಿಧಾನವೇ ನೇರವಾಗಿ ಮಾತಾಡಿದೆ: ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಮಗು ಪೂಜೆ ಪ್ರಾರ್ಥನೆಗೆ ಸೇರಬೇಕಾದರೆ ಪಾಲಕರ ಒಪ್ಪಿಗೆ ಬೇಕು. 28ನೇ ವಿಧಿ ಅದು. ನಾಡಗೀತೆಗೂ ರಾಷ್ಟ್ರಗೀತೆಗೂ ಕಿಡಂಗೂರಿನ ದಾರಿಯೇ ದಾರಿ: ಎದ್ದು ಗೌರವದಿಂದ ನಿಂತರಾಯಿತು. 2023ರಲ್ಲಿ ನಮ್ಮ ಸರ್ಕಾರ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸಲು ನಿರ್ಧರಿಸಿತು. ನನಗೆ ಅದು ಇಷ್ಟವೇ. ಆದರೂ ಒಬ್ಬ ಹುಡುಗ ಓದದೆ ನಿಂತರೆ ಅವನನ್ನು ಜಗಲಿಗೆ ಕಳಿಸಲು ಆ ಪೀಠಿಕೆಯಲ್ಲೇ ಇರುವ 'ವಿಚಾರ, ಅಭಿವ್ಯಕ್ತಿ, ವಿಶ್ವಾಸ' ಬಿಡುವುದಿಲ್ಲ.

ಪ್ರಕರಣ ಪೂರ್ತಿ ಮುಗಿದಿಲ್ಲ. ಎಸ್‌ಡಿಎಂಸಿ ಮುಂದಿನ ಸಭೆಯಲ್ಲಿ ಒಂದು ಠರಾವು ಮಾಡಿತು: ಪಾಲಕರ ಲಿಖಿತ ಒಪ್ಪಿಗೆ ಇಲ್ಲದೆ ಮಕ್ಕಳ ಹೆಸರಿನ ಮನವಿ, ಅರ್ಜಿ, ಪತ್ರ ಶಾಲೆಯಿಂದ ಹೊರಗೆ ಕಳಿಸತಕ್ಕದ್ದಲ್ಲ. ಎಲ್ಲರಿಗೂ ಸಮಾಧಾನ ಆಯಿತು, ನನಗೆ ಪೂರ್ತಿ ಆಗಿಲ್ಲ. ಅಪ್ಪ ಹೂಂ ಅಂದು ಮಗಳು ಊಹೂಂ ಅಂದರೆ? 28ನೇ ವಿಧಿ ಪಾಲಕರ ಒಪ್ಪಿಗೆ ಕೇಳುವುದು ಪ್ರಾರ್ಥನೆಗೆ. 19ನೇ ವಿಧಿಯಲ್ಲಿ ಪಾಲಕರು ಎಂಬ ಮಾತೇ ಇಲ್ಲ, ಇರುವುದು ನಾಗರಿಕರು, ಹದಿನಾಲ್ಕರ ಹುಡುಗಿಯೂ ಸೇರಿ. 'ಪಾಲಕರ' ಎಂಬಲ್ಲಿ 'ವಿದ್ಯಾರ್ಥಿಯ ಮತ್ತು ಪಾಲಕರ' ಎಂದು ತಿದ್ದಿ ಅಂತ ಅಪ್ಪನ ಕೈಯಲ್ಲಿ ಅರ್ಜಿ ಬರೆಸಿ ಕೊಟ್ಟಿದ್ದೇವೆ. ಈ ಸಲ ಮಗಳೂ ಓದಿ ನೋಡಿ, ಒಂದು ಕಡೆ ಕಾಗುಣಿತ ತಿದ್ದಿ, ತಾನೇ ಸಹಿ ಹಾಕಿದ್ದಾಳೆ. ಅರ್ಜಿ ಮುಂದಿನ ಸಭೆಯ ವಿಷಯ ಪಟ್ಟಿಯಲ್ಲಿದೆ.